ಮ್ಯಾಟ್ ಹಾಕಿದ್ರೂ ಮಗ ಜಾರಿ ಬಿದ್ದ: ನಮ್ಮನೆ ಬಾತ್‌ಟಬ್ಬಿನ ಪ್ರಕರಣ, ಪೂರ್ತಿ ವಿವರ

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕೋನು ಟಬ್ಬಲ್ಲಿ ಎದ್ದು ನಿಂತು ಒಂದು ಕಾಲು ಹೊರಗಿಡೋಕೆ ಅಂತ ಎತ್ತಿದ, ಅಷ್ಟೇ, ಕೆಳಗಿದ್ದ ರಬ್ಬರ್ ಮ್ಯಾಟು ಅವನ ಸಮೇತ ಸರ್ರಂತ ಜಾರ್ತು, ಗದ್ದ ಹೋಗಿ ಟಬ್ಬಿನ ಅಂಚಿಗೆ ಬಡೀತು. ನಾನು ಒಂದು ಮೊಳ ದೂರದಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ದೆ, ಕೈ ಚಾಚೋಷ್ಟರಲ್ಲಿ ಆಗೋಗಿತ್ತು. ಬಿಳೀ ಟಬ್ಬಿನ ನೀರಲ್ಲಿ ರಕ್ತ ಹರಡಿದ್ದು ನೋಡಿ ದೊಡ್ಡೋಳು ಕಿರುಚ್ಕೊಂಡು ಕೆಳಗೆ ಓಡಿದ್ಲು. ಗದ್ದಕ್ಕೆ 3 ಹೊಲಿಗೆ ಬಿತ್ತು, ನಾಲಿಗೆ ಕಚ್ಕೊಂಡಿದ್ದ, ಪುಣ್ಯಕ್ಕೆ ಹಲ್ಲು ಉಳೀತು. ಅವನಿಗೆ ಆಗ 4 ವರ್ಷ.

ಇದನ್ನ ಇಷ್ಟುದ್ದ ಬರೀತಿರೋದು ಯಾಕಂದ್ರೆ ನಾವು ಮ್ಯಾಟ್ ಹಾಕದೆ ಹುಡುಗ ಬಿದ್ದಿದ್ದಲ್ಲ, ಜಾರಬಾರದು ಅಂತ್ಲೇ ತಂದು ಹಾಕಿದ್ದ ಮ್ಯಾಟೇ ಜಾರಿದ್ದು. ಟಬ್ಬು ಕೊಳಕಾಗಿತ್ತಾ ಅಂದ್ರೆ ಅದೂ ಇಲ್ಲ, ವಾರಕ್ಕೆ 2 ಸಲ ತಿಕ್ಕಿ ತೊಳಿತಿದ್ವಿ. ಹಂಗಾದ್ರೆ ಏನಾಯ್ತು ಅಂತ ಹುಡುಕ್ತಾ ಹೋದಾಗ ನನಗೆ ಗೊತ್ತಾಗಿದ್ದು, ಮೂಲೆಲಿ ಕಪ್ಪು ಬೂಷ್ಟು ಬರೋದಕ್ಕೂ ಮಗು ಕಾಲು ಜಾರೋದಕ್ಕೂ ಬೇರೆ ಬೇರೆ ಕಾರಣ ಇಲ್ಲ, ಎರಡೂ ಒಂದೇ ಜಾಗದಿಂದ ಬರ್ತವೆ. ಟಬ್ಬು ಒಣಗ್ತಿರಲಿಲ್ಲ. ಮಿಕ್ಕಿದ್ದೆಲ್ಲ ಅದರ ಸುತ್ತ ಇರೋ ಕತೆ.

ಮೊದ್ಲು ಮನೆ ಬಗ್ಗೆ ಹೇಳ್ಬೇಕು. ನಮ್ಮದು ದಾವಣಗೆರೆ, ವಿದ್ಯಾನಗರದ ಕಡೆ ಒಂದು ಹಳೇ ಡ್ಯೂಪ್ಲೆಕ್ಸ್, 4 ವರ್ಷದ ಹಿಂದೆ ತಗೊಂಡಿದ್ದು. ಮೇಲಿನ ಬಾತ್‌ರೂಮಲ್ಲಿ ಹಳೇ ಓನರ್ ಹಾಕ್ಸಿದ್ದ 5 ಅಡಿ ಉದ್ದದ ಅಕ್ರಿಲಿಕ್ ಟಬ್ಬು, ಸುತ್ತ ಇಟ್ಟಿಗೆ ಕಟ್ಟಿ ಟೈಲ್ಸ್ ಅಂಟಿಸಿದಾರೆ. ಮಕ್ಕಳಿಗೆ ಅದು ಸಿಕ್ಕಿದ್ದೇ ಸ್ವರ್ಗ ಸಿಕ್ಕಂಗಾಗಿತ್ತು. ಆ ಬಾತ್‌ರೂಮಿಗೆ ಇರೋದು ಒಂದೇ ವೆಂಟಿಲೇಟರ್, ಅದೂ ಪಕ್ಕದ ಮನೆ ಗೋಡೆಗೆ ಮುಖ ಮಾಡಿ, ಮಧ್ಯ 3 ಅಡಿ ಸಂದಿ, ಬಿಸಿಲೂ ಬರಲ್ಲ ಗಾಳಿನೂ ಆಡಲ್ಲ. ಎಕ್ಸಾಸ್ಟ್ ಫ್ಯಾನ್ ಇರಲಿಲ್ಲ. ಕೆಳಗಡೆ ಇರೋದು ಹಳೇ ಕಾಲದ ಬಚ್ಚಲು, ಒರಟು ಕಲ್ಲಿನ ನೆಲ, ಮೂಲೆಲಿ ಹಂಡೆ. ಅತ್ತೆ ಮಾವ ಸ್ನಾನ ಮಾಡೋದು ಅಲ್ಲೇ.

ಇನ್ನು ನೀರು. ಕಾರ್ಪೊರೇಷನ್ ನೀರು ನಮ್ಮ ಕಡೆ ದಿನಾ ಬರಲ್ಲ, ಬಂದಾಗ ಸಂಪಿಗೆ ಬಿಟ್ಕೊಳ್ಳೋದು, ಸಾಲದಿದ್ರೆ ಬೋರ್ ನೀರು ಸೇರಿಸೋದು. ದಾವಣಗೆರೆಲಿ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಭದ್ರಾ ನಾಲೆ ನೀರು ಬಂದು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಿದ್ರೆ ಸಮಾಧಾನ, ಇಲ್ಲಾಂದ್ರೆ ಬೋರೇ ಗತಿ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಅದರ ಮುಂದಿನ ಬೇಸಿಗೆಲಿ ನಮ್ಮತ್ತೆ ಒಂದು ಅಭ್ಯಾಸ ಶುರು ಮಾಡಿದ್ರು. ಮಕ್ಕಳು ಸ್ನಾನ ಮಾಡಿದ ಟಬ್ಬಿನ ನೀರು ಬಿಡೋಹಂಗಿಲ್ಲ, ಹಂಗೇ ಇಟ್ಕೊಂಡು ಕಕ್ಕಸಿಗೆ, ನೆಲ ಒರೆಸೋಕೆ ಬಳಸೋದು. ಆ ಬೇಸಿಗೆಲಿ ಅದು ನಿಜವಾಗ್ಲೂ ನಮ್ಮನ್ನ ಕಾಪಾಡ್ತು, ನಾನು ತಪ್ಪು ಅನ್ನಲ್ಲ. ಆದ್ರೆ ಬರ ಮುಗಿದ ಮೇಲೂ ಅಭ್ಯಾಸ ಮುಗೀಲಿಲ್ಲ. ಬಿರಡೆ ಹಾಕಿದ ಟಬ್ಬಲ್ಲಿ ಅರ್ಧ ಅಡಿ ಸೋಪ್ ನೀರು ರಾತ್ರಿಯೆಲ್ಲಾ, ಒಂದೊಂದ್ಸಲ ಮಾರನೇ ದಿನ ಸಾಯಂಕಾಲದ ತನಕ ನಿಂತಿರೋದು.

ಜೊತೆಗೆ ಭಾನುವಾರದ ಎಣ್ಣೆ ಸ್ನಾನ. ಹರಳೆಣ್ಣೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಿ, ಬೆಚ್ಚಗೆ ಮಾಡಿ, ತಲೆಯಿಂದ ಪಾದದ ತನಕ ಹಚ್ಚಿ, ಅರ್ಧ ಗಂಟೆ ಬಿಟ್ಟು, ಕಡ್ಲೆಹಿಟ್ಟು ಸೀಗೆಪುಡಿ ಹಾಕಿ ತಿಕ್ಕಿ ಬಿಸಿನೀರು ಹೊಯ್ಯೋದು. ಮಕ್ಕಳಿಗೆ ಅದೂ ಟಬ್ಬಲ್ಲೇ ಆಗ್ಬೇಕು ಅಂತ ಹಟ, ನಾವೂ ಹೂಂ ಅಂದ್ವಿ.

ಬಿದ್ದ ದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಮೊಬೈಲ್ ಟಾರ್ಚ್ ಹಿಡ್ಕೊಂಡು ಟಬ್ಬಿನ ಪಕ್ಕ ಕೂತೆ. ನಿದ್ದೆ ಬರೋ ಸ್ಥಿತಿಲಿ ಇರಲಿಲ್ಲ ನಾನು. ಮ್ಯಾಟಿನ ಒಂದು ಮೂಲೆ ಹಿಡಿದು ಮೇಲಕ್ಕೆ ಎಳೆದೆ, ಬರಲಿಲ್ಲ, ಗಟ್ಟಿಯಾಗಿ ಹಿಡ್ಕೊಂಡಿತ್ತು. ಪ್ರತಿ ವಾರ ನಾನು ಹಿಂಗೇ ಎಳೆದು ನೋಡಿ ಸರಿ ಇದೆ ಅಂದ್ಕೋತಿದ್ದೆ. ಆಮೇಲೆ ಅಂಗೈ ಒತ್ತಿ ಪಕ್ಕಕ್ಕೆ ತಳ್ಳಿದೆ ನೋಡಿ, ಇಡೀ ಮ್ಯಾಟು ಬೆಣ್ಣೆ ಮೇಲೆ ಇಟ್ಟಂಗೆ ನಾಲ್ಕು ಬೆರಳು ಜರುಗ್ತು. ನನ್ನ ಎದೆ ಧಸಕ್ ಅಂತು. ಮ್ಯಾಟಿನ ತಳದ ಬಟ್ಟಲುಗಳು ಗಾಳಿ ಹೊರಗೆ ಹೋಗಿ ಅಂಟ್ಕೊಳ್ತವೆ, ಹಂಗಾಗಿ ಮೇಲಕ್ಕೆ ಎಳೆದ್ರೆ ಬಿಡಲ್ಲ, ಆದ್ರೆ ಬಟ್ಟಲಿನ ಅಂಚಿಗೂ ಟಬ್ಬಿಗೂ ಮಧ್ಯ ಜಿಡ್ಡಿನ ಪದರ ಇದ್ರೆ ಪಕ್ಕಕ್ಕೆ ಜಾರೋದನ್ನ ಅದು ತಡೆಯಲ್ಲ. ಮಗು ಬೀಳೋದು ಮೇಲಕ್ಕೆ ಎಳೆದಂಗಲ್ಲ, ಪಕ್ಕಕ್ಕೆ ತಳ್ಳಿದಂಗೆ. ನಿಮ್ಮನೆಲಿ ಇಂಥ ಮ್ಯಾಟ್ ಇದ್ರೆ ಇವತ್ತೇ ಒದ್ದೆ ಇರೋವಾಗ ಪಕ್ಕಕ್ಕೆ ತಳ್ಳಿ ನೋಡ್ರಿ, ದಯವಿಟ್ಟು.

ಒಂದೊಂದೇ ಬಟ್ಟಲು ಬಿಡಿಸಿ ಮ್ಯಾಟ್ ಮಗುಚಿದೆ. ಪ್ರತಿ ಬಟ್ಟಲಿನ ಒಳಗೂ ಬಳೆ ಆಕಾರದಲ್ಲಿ ಬೂದಿ ಬಣ್ಣದ ಲೋಳೆ, ನಡುನಡುವೆ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆ, ಟಬ್ಬಿನ ತಳದಲ್ಲಿ ಬಟ್ಟಲು ಇದ್ದ ಕಡೆಯೆಲ್ಲಾ ತಿಳಿ ಗುಲಾಬಿ ಬಣ್ಣದ ಗುರುತು. ಉಗುರಲ್ಲಿ ಗೆರೆ ಎಳೆದ್ರೆ ಉಗುರಿನ ಸಂದಿಲಿ ಬಿಳೀ ಪೇಸ್ಟ್ ಬಂತು, ಮೂಸಿದ್ರೆ ಹಳೇ ಹರಳೆಣ್ಣೆ ವಾಸನೆ. ಬೋರ್ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ, ಅದಕ್ಕೆ ಸೋಪ್ ಸೇರಿದ್ರೆ ನೊರೆ ಬರೋ ಬದ್ಲು ನೀರಲ್ಲಿ ಕರಗದ ಬಿಳೀ ಜಿಡ್ಡು ಆಗತ್ತೆ. ಅದರ ಮೇಲೆ ಎಣ್ಣೆ, ಅದರ ಮೇಲೆ ಕಡ್ಲೆಹಿಟ್ಟು. ಬೂಷ್ಟಿಗೆ ಇದಕ್ಕಿಂತ ಒಳ್ಳೆ ಊಟ ಬೇಕಾ? ತಿನ್ನೋಕೆ ಜಿಡ್ಡು, ಕುಡಿಯೋಕೆ ನಿಂತ ನೀರು, ಮೇಲೆ ಹೊದ್ದುಕೊಳ್ಳೋಕೆ ಮ್ಯಾಟು. ಆ ಗುಲಾಬಿ ಲೋಳೆ ಅಂತೂ ಬೂಷ್ಟು ಅಲ್ಲ, ಸೆರಾಷಿಯಾ ಅನ್ನೋ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಾತ್‌ರೂಮಲ್ಲಿ ಹಂಗೆ ಬೆಳೆಯೋದು, ಸೋಪಿನ ಜಿಡ್ಡು ಸಿಕ್ಕಿದ ಕಡೆ ಬರತ್ತೆ. ವಾರಕ್ಕೆ 2 ಸಲ ತೊಳಿತಿದ್ವಿ ಅಂದ್ನಲ್ಲ, ತೊಳಿತಿದ್ದಿದ್ದು ಮ್ಯಾಟಿನ ಮೇಲ್ಗಡೆ ಮಾತ್ರ, ಅದನ್ನ ಎತ್ತಿ ಎಷ್ಟು ದಿನ ಆಗಿತ್ತೋ.

ಮಾರನೇ ದಿನ ಚಿಕ್ಕಮ್ಮನ ಮಗನಿಗೆ ಫೋನ್ ಮಾಡ್ದೆ, ಅವನು ಹರಿಹರದಲ್ಲಿ ಪ್ಲಂಬಿಂಗ್ ಕೆಲಸ ಮಾಡಿಸ್ತಾನೆ. ಬಂದವನು ಏನೂ ಮಾತಾಡದೆ ಒಂದು ಚೊಂಬು ನೀರನ್ನ ಟಬ್ಬಿನ ತಲೆ ಕಡೆ ಸುರಿದು ಕೈ ಕಟ್ಕೊಂಡು ನಿಂತ. ನೀರು ತೂತಿನ ಕಡೆ ಹೋಗ್ತು, ಆದ್ರೆ ನಲ್ಲಿ ಹಿಂದಿನ ಎಡಗಡೆ ಮೂಲೆಲಿ ಒಂದು ಅಂಗೈಯಷ್ಟು ನೀರು ಹಂಗೇ ನಿಂತ್ಕೊಂತು.

"ಅಕ್ಕಾ, ಟಬ್ಬು ಕೂರಿಸಿದಾಗ ಲೆವೆಲ್ ನೋಡಿಲ್ಲ ಇವ್ರು. ನೀರು ಎಲ್ಲಿ ನಿಲ್ತೈತೋ ಕಪ್ಪಾಗೋದೂ ಅಲ್ಲೇ, ಬೇಕಾದ್ರೆ ನೋಡು" ಅಂದ. ನೋಡಿದ್ರೆ ಅಲ್ಲೇ, ಸರಿಯಾಗಿ ಅಲ್ಲೇ ಕಪ್ಪು ಕಟ್ಟಿತ್ತು. ಆಮೇಲೆ ಟಬ್ಬಿಗೂ ಗೋಡೆ ಟೈಲ್ಸಿಗೂ ಮಧ್ಯದ ಜಾಯಿಂಟ್ ತೋರಿಸ್ದ. ಹಳೇ ಗಾರೆ ಕೆಲಸದವ್ರು ಅಲ್ಲಿ ವೈಟ್ ಸಿಮೆಂಟ್ ತುಂಬಿದ್ರು, ಅದು ಕೂದಲಷ್ಟು ಸೀಳಿತ್ತು. ಅಕ್ರಿಲಿಕ್ ಟಬ್ಬು ಭಾರಕ್ಕೆ ಸ್ವಲ್ಪ ಬಗ್ಗತ್ತೆ, 150 ಲೀಟರ್ ನೀರು ಅಂದ್ರೆ 150 ಕೆಜಿ ಅಲ್ವಾ, ಮೇಲೆ ಇಬ್ರು ಮಕ್ಕಳು. ಟಬ್ಬು ಬಗ್ಗತ್ತೆ, ಸಿಮೆಂಟ್ ಬಗ್ಗಲ್ಲ, ಸೀಳತ್ತೆ. ಆ ಸೀಳಿಂದ ನೀರು ಹಿಂದಕ್ಕೆ ಇಳಿದು ಇಟ್ಟಿಗೆ ಕಟ್ಟೆ ಒಳಗೆ ಸೇರ್ಕೊಳ್ಳತ್ತೆ, ಅಲ್ಲಿಂದ ಯಾವತ್ತೂ ಒಣಗಲ್ಲ, ಮೇಲೆ ಎಷ್ಟೇ ಉಜ್ಜಿದ್ರೂ ವಾರದಲ್ಲಿ ಕಪ್ಪು ವಾಪಸ್ಸು. 2 ವರ್ಷದಿಂದ ನಾನು ಆ ಕಪ್ಪು ಗೆರೆ ಜೊತೆ ಗುದ್ದಾಡ್ತಿದ್ದೆ, ಬುಡ ಬೇರೆ ಕಡೆ ಇತ್ತು.

ಆ ಗುದ್ದಾಟದಲ್ಲಿ ಆದ ಒಂದು ಅನಾಹುತನೂ ಇಲ್ಲಿ ಹೇಳ್ಲೇಬೇಕು, ಯಾಕಂದ್ರೆ ಇದು ಜಾರಿ ಬೀಳೋದಕ್ಕಿಂತ ದೊಡ್ಡ ಅಪಾಯ. ಒಂದ್ಸಲ ಕಪ್ಪು ಹೋಗ್ಲಿ ಅಂತ ಮೂಲೆಗೆ ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ ಬಿಟ್ಟಿದ್ದೆ, ಅದು ಗೊತ್ತಿಲ್ದೆ ಮನೆಕೆಲಸಕ್ಕೆ ಬರೋ ಅಕ್ಕ ಬಿಳೀ ಕಲೆ ತೆಗೆಯೋಕೆ ಅಂತ ಬಾಟ್ಲಿ ಆಸಿಡ್ ಸುರಿದ್ರು. ಒಂದೇ ನಿಮಿಷ, ಕಣ್ಣು ಉರಿ, ಗಂಟಲು ಹಿಡ್ಕೊಂಡಂಗೆ ಕೆಮ್ಮು, ಇಬ್ರೂ ಹೊರಗೆ ಓಡಿ ಬಂದ್ವಿ, ಅವರಿಗೆ ಸಾಯಂಕಾಲದ ತನಕ ಎದೆ ಉರಿ ಇತ್ತು. ಬ್ಲೀಚಿಗೆ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ. ಟಾಯ್ಲೆಟ್ ತೊಳಿಯೋ ಲಿಕ್ವಿಡ್ಡಲ್ಲೂ ಹೆಚ್ಚಿನವು ಆಸಿಡ್ಡೇ, ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕೂಡ ಆಸಿಡ್ಡೇ, ಯಾವುದನ್ನೂ ಬ್ಲೀಚ್ ಜೊತೆ ಸೇರಿಸಬಾರದು, ಬ್ಲೀಚಿಗೆ ಅಮೋನಿಯ ಇರೋ ಕ್ಲೀನರ್ ಸೇರಿಸಿದ್ರೂ ವಿಷ ಗ್ಯಾಸೇ. ಒಂದು ದಿನ ಒಂದು, ತೊಳೆದು ಒಣಗಿಸಿ, ಇನ್ನೊಂದು ದಿನ ಇನ್ನೊಂದು. ಈಗ ನಮ್ಮನೆಲಿ ಆಸಿಡ್ ಬಾಟ್ಲಿ ತರೋದೇ ನಿಲ್ಲಿಸಿದೀವಿ, ಅದು ಟೈಲ್ಸ್ ಸಂದಿನ ಗ್ರೌಟನ್ನೂ ತಿಂದಿತ್ತು, ತೂತಿನ ಸುತ್ತ ಇದ್ದ ಸ್ಟೀಲ್ ರಿಂಗಿನ ಹೊಳಪನ್ನೂ ತೆಗೆದಿತ್ತು. ತಮ್ಮ ಇನ್ನೊಂದು ತೋರಿಸ್ದ, ಟಬ್ಬಿನ ತಳದಲ್ಲಿ ಜೇಡರ ಬಲೆ ಥರ ಸಣ್ಣ ಸಣ್ಣ ಗೀರು, ಸ್ಟೀಲ್ ಸ್ಕ್ರಬ್ಬರ್ ಹಾಕಿ ಪೌಡರಲ್ಲಿ ತಿಕ್ಕಿದ್ರ ಫಲ. ಅಕ್ರಿಲಿಕ್ ಮೆತ್ತಗಿನ ವಸ್ತು, ಪಾತ್ರೆ ತಿಕ್ಕಿದಂಗೆ ತಿಕ್ಕಿದ್ರೆ ಗೀರು ಬೀಳತ್ತೆ, ಗೀರಲ್ಲಿ ಜಿಡ್ಡು ಕೂರತ್ತೆ. ಹೊಳಿಲಿ ಅಂತ ತಿಕ್ಕಿದ್ದೇ ಕೊಳೆಗೆ ಮನೆ ಕಟ್ಟಿಕೊಟ್ಟಂಗಾಗಿತ್ತು.

ಸರಿ, ಕ್ಲೀನ್ ಮಾಡಿದ್ದು ಹೆಂಗೆ ಅಂದ್ರೆ. ಮೊದಲ ದಿನ ಬರೀ ಎಣ್ಣೆ ತೆಗೆಯೋದು. ಪಾತ್ರೆ ತೊಳಿಯೋ ಲಿಕ್ವಿಡ್, ಕೈ ತಡೆಯೋಷ್ಟು ಬಿಸಿನೀರು, ಮೆತ್ತನೆ ಸ್ಪಂಜು. ಇದನ್ನ ಮೊದ್ಲು ಮಾಡ್ಲೇಬೇಕು, ಮೇಲೆ ಎಣ್ಣೆ ಇದ್ರೆ ಕೆಳಗಿನ ಬಿಳೀ ಕಲೆಗೆ ಯಾವ ಔಷಧಿನೂ ತಾಗಲ್ಲ. ಎರಡನೇ ದಿನ 1 ಲೀಟರ್ ಉಗುರು ಬೆಚ್ಚಗಿನ ನೀರಿಗೆ 2 ಟೇಬಲ್ ಸ್ಪೂನ್ ನಿಂಬೆ ಉಪ್ಪು ಕರಗಿಸಿ, ಹಳೇ ಕಾಟನ್ ಪಂಚೆ ಹರಿದು ಅದ್ದಿ ಕಲೆ ಇರೋ ಕಡೆ ಹಾಸಿ, 20 ನಿಮಿಷ ಬಿಟ್ಟೆ. ಸುಮ್ನೆ ಚಿಮುಕಿಸಿದ್ರೆ ಇಳಿದು ಹೋಗತ್ತೆ, ಬಟ್ಟೆ ಹಾಸಿದ್ರೆ ಅಲ್ಲೇ ಕೂತು ಕೆಲಸ ಮಾಡತ್ತೆ. ಬಟ್ಟೆ ತೆಗೆದು ಸ್ಪಂಜಲ್ಲಿ ಒರೆಸಿದ್ರೆ ಬಿಳೀ ಪೊರೆ ಮೊಸರಿನ ಕೆನೆ ಥರ ಎದ್ದು ಬಂತು, 2 ವರ್ಷದ್ದು. ಒಂದು ಮಾತು, ಬಾತ್‌ರೂಮ್ ಹೊಸ್ತಿಲಿಗೋ ನೆಲಕ್ಕೋ ಮಾರ್ಬಲ್, ಕಡಪ ಕಲ್ಲು ಹಾಕ್ಸಿದ್ರೆ ಈ ನೀರು ಅದಕ್ಕೆ ತಾಗಿಸಬೇಡಿ, ಅವೂ ಸುಣ್ಣದ ಜಾತಿ ಕಲ್ಲೇ, ಮಬ್ಬಾಗ್ತವೆ. ಚೆನ್ನಾಗಿ ತೊಳೆದು, ಮೂರನೇ ದಿನ ಉಳಿದ ಕಪ್ಪಿಗೆ ಮಾತ್ರ ಬ್ಲೀಚ್, ಲಿಕ್ವಿಡ್ ಬ್ಲೀಚು 1 ಲೀಟರ್ ನೀರಿಗೆ 100 ಎಂಎಲ್, ಗ್ಲೌಸ್ ಹಾಕ್ಕೊಂಡು, ಬಾಗಿಲು ವೆಂಟಿಲೇಟರ್ ತೆಗೆದು, ಮಕ್ಕಳನ್ನ ಅಜ್ಜಿ ಜೊತೆ ಕೆಳಗೆ ಕಳಿಸಿ, 10 ನಿಮಿಷ ಬಿಟ್ಟು ತೊಳೆದಿದ್ದು. ಮ್ಯಾಟ್ ಎಸೆದೆ, ಅದನ್ನ ಉಳಿಸೋ ಮನಸ್ಸೇ ಬರಲಿಲ್ಲ.

ಜಾಯಿಂಟ್ ಕೆಲಸ ತಮ್ಮನೇ ಮಾಡ್ದ, ನಾನು ಪಕ್ಕದಲ್ಲೇ ಕೂತು ನೋಡ್ದೆ. ಬ್ಲೇಡಲ್ಲಿ ಹಳೇ ಸಿಮೆಂಟ್ ಪೂರ್ತಿ ಕೆತ್ತಿ ತೆಗೆದ, ಕಪ್ಪು ಕಟ್ಟಿದ ಹಳೇದರ ಮೇಲೆ ಹೊಸದು ಬಳಿದ್ರೆ ಪ್ರಯೋಜನ ಇಲ್ಲ, ಬೂಷ್ಟು ಅದರ ಮೂಲಕನೇ ಎದ್ದು ಬರತ್ತೆ. ಆಮೇಲೆ 2 ದಿನ ಟೇಬಲ್ ಫ್ಯಾನ್ ತಿರುಗಿಸಿಟ್ಟು ಸಂದಿ ಒಣಗಿಸಿದ್ವಿ, ಸ್ಪಿರಿಟ್ ಹಾಕಿ ಒರೆಸಿದ್ವಿ. ಸಿಲಿಕಾನ್ ಹಚ್ಚೋಕೆ ಮುಂಚೆ ಅವನು ಟಬ್ಬು ತುಂಬ ನೀರು ಬಿಟ್ಟ. ನಾನು ಯಾಕೋ ಅಂದೆ. "ಖಾಲಿ ಇದ್ದಾಗ ಹಚ್ಚಿದ್ರೆ, ನಾಳೆ ನೀರು ತುಂಬಿದಾಗ ಟಬ್ಬು ಕೆಳಗೆ ಕೂತು ಜಾಯಿಂಟ್ ಬಿಡ್ತೈತಿ ಅಕ್ಕಾ. ಈಗ್ಲೇ ತುಂಬಿಸಿ ಸಂದಿ ಎಷ್ಟು ಅಗಲ ಆಗ್ತೈತೋ ಅಷ್ಟು ಆಗ್ಲಿ, ಆಗ ತುಂಬಣ." ಎಷ್ಟು ಸರಳ, ಹಳೇ ಗಾರೆಯವ್ರಿಗೆ ಇದೊಂದು ಹೊಳೆದಿದ್ರೆ ಸಾಕಿತ್ತು. ಬೂಷ್ಟು ತಡೆಯೋ ಸ್ಯಾನಿಟರಿ ಸಿಲಿಕಾನ್ ಅಂತಲೇ ಕೇಳಿ ತಗೋಬೇಕು, ಹಚ್ಚಿದ ಮೇಲೆ ಸೋಪ್ ನೀರಲ್ಲಿ ಬೆರಳದ್ದಿ ಒಂದೇ ಎಳೆತಕ್ಕೆ ಸವರ್ಬೇಕು, ವಿನೆಗರ್ ಥರ ಹುಳಿ ವಾಸನೆ ಬಂದ್ರೆ ಹೆದರೋದೇನಿಲ್ಲ, ಆ ಜಾತಿ ಸಿಲಿಕಾನ್ ಒಣಗೋವಾಗ ಹಂಗೇ ಬರೋದು. 24 ಗಂಟೆ ನೀರು ಹಂಗೇ ಬಿಟ್ಟು ಆಮೇಲೆ ಬಿರಡೆ ತೆಗೆದ್ವಿ. ಆ ಒಂದು ದಿನ ಬಾತ್‌ರೂಮಿಗೆ ಬೀಗ ಹಾಕಿ ಬೀಗದ ಕೈ ನನ್ನ ಸೆರಗಲ್ಲಿ ಕಟ್ಕೊಂಡಿದ್ದೆ, ತುಂಬಿದ ಟಬ್ಬು, ಮನೆಲಿ 4 ವರ್ಷದ ಹುಡುಗ.

ಬೀಗದ ಮಾತಿಂದ ಅತ್ತೆ ಜೊತೆ ಆದ ಮಾತುಕತೆಗೆ ಬರ್ತೀನಿ. ನಿಂತ ನೀರು ಬಿಡಬೇಕು ಅಂದಾಗ ಅವರಿಗೆ ಬೇಜಾರಾಯ್ತು, "ಅಷ್ಟೊಂದು ನೀರು ಚೆಲ್ಲದು ಅಂದ್ರೆ ನನಗೆ ಮನಸ್ಸಾಗಲ್ಲವ್ವಾ, ಆ ಬೇಸಿಗ್ಯಾಗ ಒಂದು ಕೊಡ ನೀರಿಗೆ ನಾವು ಪಟ್ಟಿದ್ದು ನಿಂಗೂ ಗೊತ್ತೈತಿ" ಅಂದ್ರು. ನಾನು ಬೂಷ್ಟಿನ ವಿಷ್ಯ ಹೇಳ್ಲಿಲ್ಲ. ಒಂದು ಮಾತು ಹೇಳ್ದೆ, ಅತ್ತೆ, ಸಣ್ಣ ಮಕ್ಕಳು ಮುಳುಗೋಕೆ ಆಳದ ನೀರೇ ಬೇಕಂತಿಲ್ಲ, 5 ಸೆಂಟಿಮೀಟರ್ ಅಂದ್ರೆ ನಿಮ್ಮ 3 ಬೆರಳು ಅಗಲದಷ್ಟು ನೀರು ಸಾಕು, ಕಾಲು ಜಾರಿ ಮುಖ ಅಡಿಯಾಗಿ ಬಿದ್ರೆ ಕೂಗೋಕೂ ಆಗಲ್ಲ. ಅವ್ರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಹೋಗಿ ಬಿರಡೆ ತೆಗೆದು ತಮ್ಮ ಎಲೆ ಅಡಿಕೆ ಡಬ್ಬಿ ಪಕ್ಕ ಇಟ್ಕೊಂಡ್ರು. ಈಗ ಸ್ನಾನಕ್ಕೆ ಬಿರಡೆ ಬೇಕಂದ್ರೆ ಅಜ್ಜಿ ಹತ್ರ ಕೇಳ್ಬೇಕು. ನೀರು ಉಳಿಸೋದು ಬಿಟ್ಟಿಲ್ಲ, ಟಬ್ಬಿಗೆ ಬಿಡೋದೇ ಕಮ್ಮಿ ಮಾಡಿದೀವಿ, ಮಕ್ಕಳು ಕೂತ್ರೆ ಹೊಕ್ಕಳು ಮುಟ್ಟದಷ್ಟು, 3 ಬಕೆಟ್ ನೀರು. ಮುಗಿದ ತಕ್ಷಣ ಅದನ್ನ ಮಗ್ಗಲ್ಲಿ ಎತ್ತಿ ಮುಚ್ಚಳ ಇರೋ ಡ್ರಮ್ಮಿಗೆ ಹಾಕ್ತೀವಿ, ಡ್ರಮ್ಮು ಕೆಳಗೆ ಹಿತ್ತಲ ಕಡೆ, ಮೇಲೆ ಕಲ್ಲು.

ಎಣ್ಣೆ ಸ್ನಾನದ ಪರಿಹಾರನೂ ಅತ್ತೆನೇ ಹೇಳಿದ್ದು. "ಎಣ್ಣಿ ನೀರು ಕೆಳಗಡೆ ಬಚ್ಚಲಾಗ ಹಾಕ್ತೀನಿ ಬಿಡವ್ವಾ, ಅಲ್ಲಿ ಕಲ್ಲು ಒರಟೈತಿ, ಮಣಿ ಮ್ಯಾಲೆ ಕೂತ್ಕೊಂತಾವು, ಎದ್ದು ಕುಣಿಯಂಗಿಲ್ಲ." ನಮ್ಮ ಹಿರೇರು ಬಚ್ಚಲಿಗೆ ನುಣುಪಾದ ಕಲ್ಲು ಯಾಕೆ ಹಾಕ್ತಿರಲಿಲ್ಲ, ಸ್ನಾನಕ್ಕೆ ಮಣೆ ಮೇಲೆ ಯಾಕೆ ಕೂರಿಸ್ತಿದ್ರು ಅಂತ ನನಗೆ ಅರ್ಥ ಆಗಿದ್ದು ಆವತ್ತೇ. ಅಕ್ಟೋಬರಲ್ಲಿ ನೀರು ತುಂಬೋ ಹಬ್ಬದ ಎಣ್ಣೆ ಸ್ನಾನ ಇಬ್ರಿಗೂ ಕೆಳಗಡೆ ಹಂಡೆ ನೀರಲ್ಲೇ ಆಯ್ತು, ಹಂಡೆಗೆ ಕೆಮ್ಮಣ್ಣು ಸುಣ್ಣ ಬಳಿದು ಹೂವಿನ ಸರ ಕಟ್ಟಿದ್ದಕ್ಕೋ ಏನೋ ಟಬ್ಬು ಕೇಳ್ಲೇ ಇಲ್ಲ.

ಜಾರೋದಕ್ಕೆ ಏನು ಮಾಡಿದ್ವಿ. ಟಬ್ಬು ಪೂರ್ತಿ ಒಣಗಿಸಿ ತಳಕ್ಕೆ ಆಂಟಿ ಸ್ಲಿಪ್ ಸ್ಟ್ರಿಪ್ ಅಂಟಿಸಿದ್ವಿ, ಮಗುವಿನ ಪಾದಕ್ಕಿಂತ ಸಂದಿ ಕಮ್ಮಿ ಇರೋ ಥರ ಹತ್ತಿರ ಹತ್ತಿರ, ಎಲ್ಲಿ ಕಾಲಿಟ್ರೂ ಒಂದಾದ್ರೂ ಪಟ್ಟಿ ಕೆಳಗೆ ಬರ್ಬೇಕು. ಮೂಲೆಗಳನ್ನ ಕತ್ತರಿಲಿ ದುಂಡಗೆ ಕತ್ತರಿಸಿದ್ರೆ ಬೇಗ ಏಳಲ್ಲ. ಅಂಟಿಸಿದ ಮೇಲೆ ಒಂದು ದಿನ ನೀರು ಸೋಕಿಸಲಿಲ್ಲ. ಇದರ ತೊಂದ್ರೆ ಅಂದ್ರೆ ಪಟ್ಟಿ ಅಂಚಲ್ಲಿ ಕೊಳೆ ಕೂರತ್ತೆ, ಹಳೇ ಟೂತ್‌ಬ್ರಷ್ಷಲ್ಲಿ ವಾರಕ್ಕೊಮ್ಮೆ ಉಜ್ಜಬೇಕು. ಹೊಸ ಮ್ಯಾಟೂ ತಂದೆ, ಇನ್ನೊಂದು ಊರಿಗೆ ಹೋದಾಗ ಬೇಕಾಗತ್ತೆ ಅಂತ, ಆದ್ರೆ ಅದು ನುಣುಪಾದ ಟಬ್ಬಿಗೇ ಸರಿ, ತಳ ತರಿತರಿ ಇದ್ರೆ ಅಥವಾ ಪಟ್ಟಿ ಅಂಟಿಸಿದ್ರೆ ಬಟ್ಟಲು ಹಿಡಿಯಲ್ಲ. ಮ್ಯಾಟ್ ಬಳಸೋರು ಸ್ನಾನ ಆದ ತಕ್ಷಣ ಎತ್ತಿ, ಎರಡೂ ಕಡೆ ತೊಳೆದು, ಬಟ್ಟೆ ಒಣಗ ಹಾಕೋ ತಂತಿ ಮೇಲೆ ಹಾಕ್ಬೇಕು, ಟಬ್ಬಲ್ಲೇ ಬಿಟ್ರೆ ಅದು ಬೂಷ್ಟಿನ ಚಾಪೆ.

ಹಿಡ್ಕೊಳ್ಳೋಕೆ ಗೋಡೆಗೆ ಬಟ್ಟಲು ಅಂಟಿಸೋ ಪ್ಲಾಸ್ಟಿಕ್ ಹ್ಯಾಂಡಲ್ ಒಂದು ಇತ್ತು ನಮ್ಮನೆಲಿ, ಅದೂ ಪಕ್ಕಕ್ಕೆ ಎಳೆದ್ರೆ ಜಾರ್ತು, ಕಸಕ್ಕೆ ಹಾಕಿದ್ವಿ. ಡ್ರಿಲ್ ಮಾಡಿ ಸ್ಕ್ರೂ ಹಾಕಿ ಸ್ಟೀಲ್ ರಾಡ್ ಕೂರಿಸಿದ್ವಿ, ಚಿಕ್ಕೋನ ಎದೆ ಮಟ್ಟಕ್ಕೆ. ಟಬ್ಬಿನ ಹೊರಗಡೆ ಹಾಕಿದ್ದ ಬಟ್ಟೆ ಕಾಲೊರಸಿನೂ ಬದಲಾಯಿಸಿದ್ವಿ, ತಳದಲ್ಲಿ ರಬ್ಬರ್ ಇರೋದು, ಯಾಕಂದ್ರೆ ಟಬ್ಬಿಂದ ಹೊರಗೆ ಇಳಿಯೋ ಮೊದಲ ಹೆಜ್ಜೆನೇ ಒದ್ದೆ ಕಾಲಿಂದು. ಆದ್ರೆ ಇವೆಲ್ಲಕ್ಕಿಂತ ಕೆಲಸ ಮಾಡಿದ್ದು ಒಂದು ರೂಲ್, ನೀರೆಲ್ಲಾ ಇಳಿದು, ಅಮ್ಮ ಕೈ ಕೊಡೋ ತನಕ ಯಾರೂ ಏಳೋಹಂಗಿಲ್ಲ. ಟವೆಲ್, ಬಟ್ಟೆ, ಫೋನು ಎಲ್ಲ ಮೊದ್ಲೇ ಕೈಗೆ ಸಿಗೋ ಕಡೆ ಇಟ್ಕೊಂಡೇ ಶುರು ಮಾಡೋದು, ಬಾಗಿಲಲ್ಲಿ ಯಾರು ಬೆಲ್ ಮಾಡಿದ್ರೂ ನಾನು ಎದ್ದು ಹೋಗಲ್ಲ, ಹೋಗ್ಲೇಬೇಕಂದ್ರೆ ಮಗುನ ಟವೆಲಲ್ಲಿ ಸುತ್ತಿ ಎತ್ಕೊಂಡೇ ಹೋಗೋದು. 8 ವರ್ಷದ ಅಕ್ಕ ನೋಡ್ಕೊಳ್ತಾಳೆ ಅಂತ ಬಿಡಬೇಡಿ, ಅವಳೂ ಮಗುವೇ.

ಬಿಸಿನೀರಿಂದೂ ಸೇರಿಸ್ತೀನಿ. ಗೀಸರ್ 65ಕ್ಕೆ ಇಟ್ಟಿತ್ತು, 50ಕ್ಕೆ ಇಳಿಸಿದ್ವಿ. 60 ಡಿಗ್ರಿ ನೀರು ದೊಡ್ಡೋರ ಚರ್ಮವನ್ನೇ 5 ಸೆಕೆಂಡಲ್ಲಿ ಆಳವಾಗಿ ಸುಡತ್ತೆ, ಮಕ್ಕಳ ಚರ್ಮ ಇನ್ನೂ ತೆಳು. ಮೊದ್ಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು, ಕೈಯಾಡಿಸಿ ಕಲಸಿ, ಮೊಣಕೈ ಅದ್ದಿ ನೋಡಿದ ಮೇಲೇ ಮಗು ಒಳಗೆ, ಮೈ ಬಿಸಿಯಷ್ಟೇ ಇದ್ರೆ ಸಾಕು, 37-38 ಡಿಗ್ರಿ. ನಲ್ಲಿ ಕಡೆ ದೊಡ್ಡೋಳು ಕೂರೋದು, ಚಿಕ್ಕೋನು ಆ ತುದಿ.

ಆಟದ ಸಾಮಾನಿನ ಬಗ್ಗೆ ನಾನು ಯೋಚನೆನೇ ಮಾಡಿರಲಿಲ್ಲ. ಒತ್ತಿದ್ರೆ ನೀರು ಚಿಮ್ಮೋ ಬಾತುಕೋಳಿ, ಮೀನು ಎಲ್ಲ ಸೇರಿ 6 ಇದ್ವು. ಒಂದನ್ನ ಬಕೆಟ್ ಮೇಲೆ ಹಿಡಿದು ಜೋರಾಗಿ ಒತ್ತಿದೆ, ಕಪ್ಪು ಚೂರುಗಳು ಟೀ ಪುಡಿ ಥರ ಉದುರಿದ್ವು. ಇದನ್ನೇ ಮಗ ಅಕ್ಕನ ಮುಖಕ್ಕೆ ಚಿಮ್ಮಿಸ್ತಿದ್ದ, ಬಾಯಿಗೂ ಇಟ್ಕೋತಿದ್ದ. 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು ಇಂಥ ಬಾತ್ ಆಟಿಕೆ ಕುಯ್ದು ನೋಡಿ ಒಳಗೆ ಬ್ಯಾಕ್ಟೀರಿಯ, ಬೂಷ್ಟಿನ ಪದರ ಬೆಳೆದಿರೋದನ್ನ ಪ್ರಕಟಿಸಿದ್ರು, ಮೆತ್ತನೆ ಪ್ಲಾಸ್ಟಿಕ್ಕಿಂದ ಬಿಡುಗಡೆ ಆಗೋ ವಸ್ತುನೇ ಅವಕ್ಕೆ ಆಹಾರ ಆಗತ್ತಂತೆ. ಆರೂ ಎಸೆದು, ತೂತಿಲ್ಲದ ಗಟ್ಟಿ ದೋಣಿ, ಸ್ಟೀಲ್ ಲೋಟ, ಜರಡಿ ಕೊಟ್ಟೆ. ಎರಡು ದಿನ ಅತ್ತ, ಆಮೇಲೆ ಜರಡಿನೇ ಇಷ್ಟ ಆಯ್ತು.

ಇನ್ನು ಒಣಗಿಸೋದು, ಇದೇ ಇಡೀ ಪ್ರಕರಣದ ಜೀವ. ವೆಂಟಿಲೇಟರಿಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕ್ಸಿದ್ವಿ, ಸ್ನಾನ ಶುರುವಾದಾಗ ಆನ್, ಮುಗಿದು ಅರ್ಧ ಗಂಟೆ ಬಿಟ್ಟು ಆಫ್, ಬಾಗಿಲು ನಾಲ್ಕು ಬೆರಳು ತೆಗೆದಿರ್ಬೇಕು, ಒಳಗೆ ಗಾಳಿ ಬರೋ ದಾರಿ ಇಲ್ದಿದ್ರೆ ಫ್ಯಾನ್ ಎಳೆಯೋದೇನನ್ನ. ನೀರು ಬಿಟ್ಟ ಮೇಲೆ ಸಣ್ಣ ವೈಪರಲ್ಲಿ ಗೋಡೆ, ಟಬ್ಬು ಎಳೆದು, ಒಂದು ಒಣ ಬಟ್ಟೆಲಿ ಜಾಯಿಂಟ್ ಗೆರೆ ಉದ್ದಕ್ಕೂ ಒರೆಸೋದು, ಎರಡು ನಿಮಿಷ. ಒರೆಸಿದ ಬಟ್ಟೆನ ಅಲ್ಲೇ ಮುದುಡಿ ಇಡಬಾರದು, ಟೆರೇಸಿಗೆ. ರಾತ್ರಿ ಮಲಗೋ ಮುಂಚೆ ನಾನು ಟಬ್ಬಿನ ತಳಕ್ಕೆ ಒಂದ್ಸಲ ಅಂಗೈ ಆಡಿಸ್ತೀನಿ, ಒಣಗಿದ್ರೆ ಅಡುಗೆಮನೆ ಕ್ಯಾಲೆಂಡರಲ್ಲಿ ಆವತ್ತಿನ ತಾರೀಖಿಗೆ ಚುಕ್ಕೆ. ಸೆಪ್ಟೆಂಬರ್ ಮಳೇಲಿ ತಿಂಗಳಿಗೆ 11 ಚುಕ್ಕೆ ಬಿದ್ದಿತ್ತು, ಫ್ಯಾನ್ ಹಾಕ್ಸಿದ ಮೇಲೆ ನವೆಂಬರಲ್ಲಿ 27. ಚುಕ್ಕೆ ಜಾಸ್ತಿ ಆದಂಗೆ ಉಜ್ಜೋದು ಕಮ್ಮಿ ಆಯ್ತು, ಈಗ ವಾರಕ್ಕೆ ಒಂದ್ಸಲ ಲಿಕ್ವಿಡ್ ಸ್ಪಂಜು, 15 ದಿನಕ್ಕೊಮ್ಮೆ ನಿಂಬೆ ಉಪ್ಪು, ಬ್ಲೀಚ್ ಬಾಟ್ಲಿ ಅಟ್ಟದ ಮೇಲೆ ಬೀಗದಲ್ಲಿ, ಆಮೇಲೆ ತೆಗೆದಿದ್ದು ಒಂದೇ ಸಲ.

ಆ ಒಂದು ಸಲ ತೆಗೆದಿದ್ದು ನಲ್ಲಿ ಹಿಂದಿನ ಎಡ ಮೂಲೆಗೆ. ಅಲ್ಲಿ ಮಾತ್ರ 3 ವಾರಕ್ಕೊಮ್ಮೆ ಸೂಜಿ ಮೊನೆಯಷ್ಟು ಕಪ್ಪು ಇಣುಕತ್ತೆ, ಟಬ್ಬು ವಾಲಿರೋ ತನಕ ಅದು ಹೋಗಲ್ಲ ಅಂತ ತಮ್ಮ ಖಡಾಖಂಡಿತ ಹೇಳಿದಾನೆ. ಏಪ್ರಿಲಲ್ಲಿ ಮಕ್ಕಳಿಗೆ ರಜೆ, ಇಬ್ರನ್ನೂ ಜಗಳೂರಿಗೆ ಅಜ್ಜನ ಮನೆಗೆ ಕಳಿಸಿ, ಮುಂದಿನ ಕಟ್ಟೆ ಒಡೆದು, ಟಬ್ಬು ಎತ್ತಿ, ಕಾಲು ಸರಿ ಮಾಡಿ, ಲೆವೆಲ್ ಇಟ್ಟು ಕೂರಿಸೋದು ಅಂತ ಮಾತಾಗಿದೆ, ಕಟ್ಟೆಲಿ ಒಂದು ಟೈಲ್ ಬಿಚ್ಚಿ ಹಾಕೋ ಥರ ಮಾಡಿಸ್ತೀವಿ, ಒಳಗೆ ನೀರು ಇಳಿದಿದ್ಯಾ ಅಂತ ಕೈ ಹಾಕಿ ನೋಡೋಕೆ. ಅಲ್ಲಿ ತನಕ ದಿನಾ ರಾತ್ರಿ ಆ ಮೂಲೆಗೆ ಒಂದು ಒಣ ಬನಿಯನ್ ತುಂಡು ಮಡಚಿ ಇಡ್ತೀನಿ, ಬೆಳಿಗ್ಗೆ ಹೊತ್ತಿಗೆ ಅದು ಎಷ್ಟು ಒದ್ದೆ ಆಗಿದೆ ಅಂತ ಚಿಕ್ಕೋನು ಹಿಂಡಿ ತೋರಿಸ್ತಾನೆ.